ಕಂದಕ ಮುಚ್ಚಿದವರು ನಾವೇ

ಎರಡು ವರ್ಷದ ಹಿಂದೆ, ಫೆಬ್ರವರಿ ತಿಂಗಳಲ್ಲಿ, ನಮ್ಮ ಕೊಡಗಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದೂವರೆ ದಿನ ನಿಂತುಹೋಯ್ತು. ಕಾರಣ ಕೇಳಿದರೆ ನಗ್ತೀರ. ಆಫೀಸಿಗೆ ಹೊಸ ಪ್ರಿಂಟರ್ ತಂದಿದ್ದರು.

ನಿಜ, ಪ್ರಿಂಟರ್ರೇ. ಬಿಲ್ ಪ್ರಿಂಟ್ ಮಾಡಿದಾಗೆಲ್ಲ ಹಿಂದಿನ ಶೆಡ್ಡಿನಲ್ಲಿ ಮೆಷಿನ್‌ಗಳು ಗಕ್ಕನೆ ನಿಲ್ಲುತ್ತಿದ್ದವು. ಹತ್ತು ನಿಮಿಷ ಬಿಟ್ಟರೆ ತಾವಾಗೇ ಸರಿ. ಮತ್ತೊಂದು ಬಿಲ್, ಮತ್ತೆ ಬಂದ್. ಮೊದಲು ಎಲ್ಲರೂ ಕರೆಂಟಿಗೆ ಬೈದರು. ಆಮೇಲೆ ಮೋಟಾರಿಗೆ ಬೈದರು. ಆಮೇಲೆ ಬೆಂಗಳೂರಲ್ಲಿ ಕೂತಿದ್ದ ನನಗೆ ಬೈದರು. ಮೂರನೆಯವರಿಗೆ ಬೈದದ್ದು ಸರಿಯಾಗಿತ್ತು. ಆ ನೆಟ್‌ವರ್ಕ್ ಜೋಡಿಸಿದವನು ನಾನೇ.

ಈ ಲೇಖನ ಅದಕ್ಕೆ ತಪ್ಪೊಪ್ಪಿಗೆ ಅಂತ ತಿಳ್ಕೊಳ್ಳಿ. ಆದರೆ ತಪ್ಪೊಪ್ಪಿಕೊಂಡು ಸುಮ್ಮನಾಗೋಕೆ ನನಗೆ ಇಷ್ಟ ಇಲ್ಲ. ಯಾಕಂದ್ರೆ ನಾನು ಮಾಡಿದ ಕೆಲಸವನ್ನೇ ನಿಮ್ಮಲ್ಲಿ ಎಷ್ಟೋ ಜನ ಈಗಲೂ 'ಡಿಜಿಟಲ್ ಟ್ರಾನ್ಸ್‌ಫಾರ್ಮೇಶನ್' ಅನ್ನೋ ಹೆಸರಲ್ಲಿ ಮಾಡ್ತಿದ್ದೀರಿ, ಅದಕ್ಕೆ ಅಪ್ರೈಸಲ್‌ನಲ್ಲಿ ಒಳ್ಳೇ ರೇಟಿಂಗನ್ನೂ ತಗೊಳ್ತಿದ್ದೀರಿ.

ಕೊಡಗು ಅಂದ್ರೆ ನಿಮಗೆ ಶುಕ್ರವಾರ ರಾತ್ರಿ ಹೊರಟು ಭಾನುವಾರ ವಾಪಸ್ ಬರೋ ಹೋಂಸ್ಟೇ. ತಪ್ಪಲ್ಲ. ಆದರೆ ಕುಶಾಲನಗರ ದಾಟುವಾಗ ಸ್ವಲ್ಪ ಕಿಟಕಿ ಇಳಿಸಿ ನೋಡಿ. ಕೂಡ್ಲೂರು ಕೈಗಾರಿಕಾ ಪ್ರದೇಶದ ಕಡೆ ಸಾಲುಸಾಲು ಕ್ಯೂರಿಂಗ್ ವರ್ಕ್ಸ್ ಇವೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯೋದು ಈ ಒಂದು ಪುಟ್ಟ ಜಿಲ್ಲೆಯಲ್ಲಿ. ನಮ್ಮಪ್ಪನಂಥವರು ಹಣ್ಣು ಕುಯ್ಸಿ, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ ಕಳಿಸಿದ ಕಾಫಿ ಇಲ್ಲಿಗೆ ಬರುತ್ತದೆ. ಇಲ್ಲಿ ಕಸ ತೆಗೀತಾರೆ, ಕಲ್ಲು ತೆಗೀತಾರೆ, ಸಿಪ್ಪೆ ಬಿಡಿಸ್ತಾರೆ, ಜರಡಿಯಲ್ಲಿ ಗಾತ್ರ ನೋಡಿ ಬೇರೆ ಮಾಡ್ತಾರೆ, ಗಾಳಿಯಲ್ಲಿ ತೂಕ ನೋಡಿ ಬೇರೆ ಮಾಡ್ತಾರೆ, ಕ್ಯಾಮೆರಾ ಇಟ್ಟು ಬಣ್ಣ ನೋಡಿ ಕಪ್ಪು ಬೀಜ ಹಾರಿಸ್ತಾರೆ. ಕೊನೆಗೆ ಸಾಲಾಗಿ ಕೂತ ಹೆಂಗಸರು ಕೈಯಲ್ಲಿ ಆರಿಸ್ತಾರೆ. ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ಬೀಜ ಏರಿಸೋದು ಬಕೆಟ್ ಎಲಿವೇಟರ್: ಉದ್ದದ ಬೆಲ್ಟಿಗೆ ಸಣ್ಣ ಸಣ್ಣ ಬಕೆಟ್ ಕಟ್ಟಿ ಮೇಲಕ್ಕೆ ಓಡಿಸೋದು. ಒಂದು ಎಲಿವೇಟರ್ ನಿಂತರೆ ಹಿಂದಿನದೆಲ್ಲ ತುಂಬಿ ಉಕ್ಕುತ್ತದೆ.

ಇದನ್ನೆಲ್ಲ ನಡೆಸೋದು ಪಿಎಲ್‌ಸಿ ಅನ್ನೋ ಒಂದು ಡಬ್ಬ. ಬಿಇ ಮಾಡುವಾಗ ಲ್ಯಾಬಿನಲ್ಲಿ ಅದರಿಂದ ಟ್ರಾಫಿಕ್ ಲೈಟ್ ಹತ್ತಿಸಿ ಮಾರ್ಕ್ಸ್ ತಗೊಂಡವರು ಇಲ್ಲೂ ಕೆಲವರು ಇರಬೇಕು. ಅದರ ಕೆಳಗೆ ಒಂದು ನೆಟ್‌ವರ್ಕ್ ಇರುತ್ತದೆ. ಸೆನ್ಸರ್‌ಗಳು, ಮೋಟಾರ್ ಡ್ರೈವ್‌ಗಳು, ಶೆಡ್ಡಿನ ಆ ತುದಿಯ ಸಿಗ್ನಲ್ ಒಟ್ಟು ಮಾಡಿ ತರೋ ಐ/ಓ ಡಬ್ಬಗಳು ಇವೆಲ್ಲ ಅದರ ಮೇಲೆ. ಅದು ಡಿವೈಸ್ ನೆಟ್‌ವರ್ಕ್. ಪಿಎಲ್‌ಸಿಯ ಮೇಲೆ ಇನ್ನೊಂದು: ಪ್ಲಾಂಟಿನ ಕಂಪ್ಯೂಟರ್, ಆಪರೇಟರ್ ಪರದೆ, ದಾಖಲೆ ಇಡೋ ಸರ್ವರ್. ಅದು ಕಂಟ್ರೋಲ್ ನೆಟ್‌ವರ್ಕ್. ಅದರ ಮೇಲೆ ಆಫೀಸು, ಅದರಾಚೆ ಇಂಟರ್ನೆಟ್ಟು.

ಇಲ್ಲಿ ಪಿಎಲ್‌ಸಿ ಬಾಗಿಲ ಹತ್ತಿರ ಕೂತ ಮನೆ ಯಜಮಾನನ ಹಾಗೆ. ಮೇಲಿನವರು ಏನು ಬೇಕಾದರೂ ಅವನನ್ನು ಕೇಳಬೇಕು. ಅವನನ್ನು ದಾಟಿ ನೇರವಾಗಿ ಅಡುಗೆಮನೆಗೆ ನುಗ್ಗುವಂತಿಲ್ಲ. ಕೆಳಗಿನ ನೆಟ್‌ವರ್ಕ್ ಮೇಲಿನದಕ್ಕೆ ಸೇರುವುದು ಅವನ ಮೂಲಕವೇ ಹೊರತು ಅವನ ಪಕ್ಕದಿಂದ ಅಲ್ಲ. ಇದೇನೂ ನಾನು ಕಂಡುಹಿಡಿದ ಶಾಸ್ತ್ರ ಅಲ್ಲ. ಐಇಸಿ 62443 ಅನ್ನೋ ಅಂತಾರಾಷ್ಟ್ರೀಯ ಮಾನದಂಡ ವಲಯ ವಲಯವಾಗಿ ಬೇರೆ ಮಾಡಿ, ನಡುವೆ ಗೊತ್ತಾದ ದಾರಿ ಮಾತ್ರ ಇಡಿ ಅಂತ ಪುಟಗಟ್ಟಲೆ ಹೇಳೋದೂ ಇದನ್ನೇ.

ನಾನೇನು ಮಾಡಿದೆ? ಮಾಲೀಕರಿಗೆ ಮೊಬೈಲ್‌ನಲ್ಲಿ ಡ್ಯಾಶ್‌ಬೋರ್ಡ್ ಬೇಕಿತ್ತು. ಗಂಟೆಗೆ ಎಷ್ಟು ಕಾಫಿ ಇಳೀತು, ಯಾವ ಮೋಟಾರ್ ಎಷ್ಟು ಕರೆಂಟ್ ತಿಂತು, ತೇವ ಎಷ್ಟು, ಎಲ್ಲ ಗ್ರಾಫ್ ಆಗಿ ಬೇಕು. ನಮ್ಮ ಊರಿನ ಕೆಲಸ, ಕಡಿಮೆ ದುಡ್ಡಿಗೆ ಒಪ್ಪಿಕೊಂಡೆ. ಸಮಯ ಉಳಿಸೋಕೆ ಒಂದು ಅಗ್ಗದ ಸ್ವಿಚ್ ತಂದು ಎಲ್ಲ ಕೇಬಲ್ಲನ್ನೂ ಅದಕ್ಕೇ ಚುಚ್ಚಿದೆ. ಡ್ರೈವ್, ಐ/ಓ ಡಬ್ಬ, ಪಿಎಲ್‌ಸಿ, ಆಪರೇಟರ್ ಪರದೆ, ಆಫೀಸಿನ ರೌಟರ್, ವೈಫೈ. ಎಲ್ಲ ಒಂದೇ ನೆಟ್‌ವರ್ಕ್, ಒಂದೇ ಸಾಲಿನ ವಿಳಾಸಗಳು. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಕಾಣಿಸ್ತು. 'ಸೂಪರ್' ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೊಸ ಪ್ರಿಂಟರ್ ತಂದ ಹುಡುಗ ಅದಕ್ಕೆ ಒಂದು ಐಪಿ ವಿಳಾಸ ಕೊಟ್ಟ. ಖಾಲಿ ಇದೆ ಅಂದುಕೊಂಡು ಕೊಟ್ಟ. ಅದು ಶೆಡ್ಡಿನ ಒಂದು ಐ/ಓ ಡಬ್ಬದ ವಿಳಾಸ ಆಗಿತ್ತು. ಪ್ರಿಂಟರ್ ನಿದ್ದೆ ಮಾಡುವಾಗ ತೊಂದರೆ ಇಲ್ಲ. ಎದ್ದ ಕೂಡಲೇ ಒಂದು ವಿಳಾಸಕ್ಕೆ ಇಬ್ಬರು. ಪಿಎಲ್‌ಸಿಗೆ ತನ್ನ ಕೈಕಾಲು ಎಲ್ಲಿದೆ ಅಂತ ತಿಳಿಯದೆ ಲೈನ್ ನಿಲ್ಲಿಸುತ್ತಿತ್ತು. ಪಾಪ, ಅದು ಮಾಡಿದ್ದು ಸರಿ. ಆ ಹುಡುಗ ಮಾಡಿದ್ದರಲ್ಲೂ ತಪ್ಪಿಲ್ಲ. ಆಫೀಸಿನ ಪ್ರಿಂಟರ್ ಹಾಕೋನಿಗೆ ಶೆಡ್ಡಿನ ಎಲಿವೇಟರ್ ಬಗ್ಗೆ ಗೊತ್ತಿರಬೇಕು ಅಂತ ಆಗಿದ್ದರೆ ಆ ಜೋಡಣೆಯೇ ಕೆಟ್ಟದ್ದು.

ಇಷ್ಟೇ ಆಗಿದ್ದರೆ ಇದನ್ನು ಒಂದು ತಮಾಷೆ ಕಥೆಯಾಗಿ ಟೀ ಬ್ರೇಕಿನಲ್ಲಿ ಹೇಳಿ ಮುಗಿಸ್ತಿದ್ದೆ. ಇಷ್ಟೇ ಆಗಲಿಲ್ಲ.

ಎಲಿವೇಟರ್ ತುಂಬಿದ ಲೋಡಿನಲ್ಲಿ ನಿಂತರೆ ಕೆಳಗಿನ ಗುಂಡಿಯಲ್ಲಿ ಕಾಫಿ ಜಾಮ್ ಆಗುತ್ತದೆ. ಮುಚ್ಚಳ ತೆಗೆದು ಕೈ ಹಾಕಿ ಬಾಚಬೇಕು. ಅಲ್ಲಿನ ಆಪರೇಟರ್ ನಮ್ಮ ಕಡೆಯವರೇ, ವರಸೆಯಲ್ಲಿ ನನಗೆ ಮಾವ. ಇಪ್ಪತ್ತು ವರ್ಷದಿಂದ ಅದೇ ಶೆಡ್ಡಿನಲ್ಲಿ ಇದ್ದವರು. ನಾಲ್ಕನೇ ಸಲ ಲೈನ್ ನಿಂತಾಗ ಅವರು ಗುಂಡಿ ಹತ್ತಿರ ಕೂತು ಬಾಚ್ತಾ ಇದ್ದರು. ಮೇನ್ ಸ್ವಿಚ್ ಆಫ್ ಮಾಡಬೇಕಿತ್ತು, ಮಾಡಿರಲಿಲ್ಲ. 'ಹೆಂಗೂ ನಿಂತಿದೆಯಲ್ಲ' ಅಂದುಕೊಂಡಿದ್ದರು. ಹಳೇ ವ್ಯವಸ್ಥೆಯಲ್ಲಿ ಸ್ಟಾರ್ಟ್ ಬಟನ್ ಇದ್ದದ್ದು ಅವರ ಕಣ್ಣೆದುರಿನ ಪ್ಯಾನೆಲ್‌ನಲ್ಲಿ. ಅದನ್ನು ಒತ್ತುವವನು ಅವರನ್ನು ದಾಟಿಯೇ ಹೋಗಬೇಕಿತ್ತು.

ಅದೇ ಹೊತ್ತಿಗೆ ನಾನು ಬೆಂಗಳೂರಲ್ಲಿ, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದ ತಲೆನೋವಿನಲ್ಲಿ, ವಿಪಿಎನ್ ತೆರೆದು ನೋಡಿದೆ. ಪರದೆ ಮೇಲೆ ಕೆಂಪು ಬಣ್ಣದಲ್ಲಿ ಫಾಲ್ಟ್. ರೀಸೆಟ್ ಒತ್ತಿದೆ. ಹಸಿರಾಯ್ತು. ಸ್ಟಾರ್ಟ್ ಒತ್ತಿದೆ.

ಇನ್ನೂರೈವತ್ತು ಕಿಲೋಮೀಟರ್ ಆಚೆ ಎಲಿವೇಟರ್ ಓಡಿತು. ಮಾವ ಟಾರ್ಚ್ ತರೋಕೆ ಅಂತ ಎದ್ದು ಎರಡು ನಿಮಿಷ ಆಗಿತ್ತಂತೆ.

ಆಮೇಲೆ ಫೋನ್ ಮಾಡಿದವರು ಬೈಯಲಿಲ್ಲ. 'ಯಾರು ಒತ್ತಿದ್ದು ಮಾರಾಯ?' ಅಂತ ಕೇಳಿದರು ಅಷ್ಟೆ. ನಾನು 'ನಾನೇ ಮಾವ' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಅವರ ಕೈ ಉಳಿದದ್ದಕ್ಕೆ ನಮ್ಮ ಫೈರ್‌ವಾಲ್ ಕಾರಣ ಅಲ್ಲ, ಪಾಸ್‌ವರ್ಡ್ ಕಾರಣ ಅಲ್ಲ, ನನ್ನ ಕೋಡ್ ಅಂತೂ ಅಲ್ಲವೇ ಅಲ್ಲ. ಸಾಫ್ಟ್‌ವೇರ್‌ನಲ್ಲಿ ಏನೇ ಕೆಟ್ಟರೂ ರೋಲ್‌ಬ್ಯಾಕ್ ಮಾಡ್ತೀವಿ. ಬೆರಳಿಗೆ ರೋಲ್‌ಬ್ಯಾಕ್ ಇಲ್ಲ ಸ್ವಾಮಿ.

ಇನ್ನು ವಾದಕ್ಕೆ ಬರೋಣ. ಇದನ್ನು ಹೇಳಿದಾಗೆಲ್ಲ ನನ್ನ ಗೆಳೆಯರು ನಾಲ್ಕು ಉತ್ತರ ಕೊಡ್ತಾರೆ.

ಒಂದು: 'ನಮ್ಮದು ಸಣ್ಣ ಪ್ಲಾಂಟು, ನಮ್ಮ ಮೇಲೆ ಯಾರು ಕಣ್ಣು ಹಾಕ್ತಾರೆ?' ಮೊದಲನೆಯದಾಗಿ, ಪ್ರಿಂಟರಿಗೆ ನಮ್ಮ ಮೇಲೆ ಯಾವ ದ್ವೇಷವೂ ಇರಲಿಲ್ಲ. ಎರಡನೆಯದಾಗಿ, 2023ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾ ಅನ್ನೋ ಸಣ್ಣ ಊರಿನ ನೀರು ಸರಬರಾಜು ಸಂಸ್ಥೆಯ ಪಂಪಿಂಗ್ ಸ್ಟೇಷನ್ನಿನ ಪಿಎಲ್‌ಸಿಗೆ ನುಗ್ಗಿದರು. ಆ ಊರಿನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಡಬ್ಬ ಯೂನಿಟ್ರಾನಿಕ್ಸ್ ಅನ್ನೋ ಇಸ್ರೇಲಿ ಕಂಪನಿಯದ್ದು, ಅಷ್ಟೇ ಕಾರಣ ಸಾಕಾಯ್ತು. ಅಲ್ಲಿನವರು ಕೈಯಿಂದ ಪಂಪ್ ನಡೆಸಿ ನೀರು ನಿಲ್ಲದ ಹಾಗೆ ನೋಡಿಕೊಂಡರು. ಗಮನಿಸಿ, ಉಳಿಸಿದ್ದು ಕೈ.

ಎರಡು: 'ಡೇಟಾ ಬೇಡವಾ ಹಾಗಾದ್ರೆ? ಕತ್ತಲೆಯಲ್ಲಿ ಪ್ಲಾಂಟ್ ನಡೆಸಬೇಕಾ?' ಬೇಕು, ಖಂಡಿತ ಬೇಕು. ನಾನು ಡ್ಯಾಶ್‌ಬೋರ್ಡ್ ವಿರೋಧಿ ಅಲ್ಲ. ಕಾಫಿ ಬೀಜದ ತೇವ ಶೇಕಡಾ ಒಂದು ಹೆಚ್ಚುಕಮ್ಮಿ ಆದರೂ ಬೆಲೆಯಲ್ಲಿ ಏನಾಗುತ್ತೆ ಅಂತ ಬೆಳೆಗಾರನ ಮಗನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಓದೋದು ಬೇರೆ, ಬರೆಯೋದು ಬೇರೆ. ಮೋಟಾರ್ ಎಷ್ಟು ಕರೆಂಟ್ ಎಳೀತು ಅಂತ ತಿಳಿಯೋಕೆ ಮೋಟಾರಿನ ಕುತ್ತಿಗೆ ಹಿಡಿಯುವ ಅಧಿಕಾರ ಬೇಕಾಗಿಲ್ಲ. ಪಿಎಲ್‌ಸಿಯನ್ನು ಕೇಳಿದರೆ ಅದೇ ಹೇಳುತ್ತದೆ.

ಇದನ್ನು ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಕೆಳಗಿನ ಉಪಕರಣಗಳು ಮಾತಾಡೋ ಭಾಷೆಗೆ ಅನುಮಾನ ಅಂದರೇನು ಅಂತಲೇ ಗೊತ್ತಿಲ್ಲ. ಮಾಡ್‌ಬಸ್ ಅನ್ನೋ ಪ್ರೋಟೋಕಾಲ್ ಬಂದದ್ದು 1979ರಲ್ಲಿ. ಆಗ ಅದು ಒಂದು ಕೋಣೆಯೊಳಗಿನ ತಂತಿ. ಆ ತಂತಿ ಮುಟ್ಟಬೇಕಾದರೆ ಬೀಗ ತೆಗೆದು ಒಳಗೆ ಬರಬೇಕಿತ್ತು. ಹಾಗಾಗಿ ಅದರಲ್ಲಿ ಪಾಸ್‌ವರ್ಡ್ ಇಲ್ಲ, ನೀನ್ಯಾರು ಅಂತ ಕೇಳೋದೂ ಇಲ್ಲ. 'ಈ ಜಾಗದಲ್ಲಿ ಈ ಸಂಖ್ಯೆ ಬರಿ' ಅಂದರೆ ಬರೆಯುತ್ತದೆ. ಮುಂದೆ ಅದನ್ನೇ ಈಥರ್‌ನೆಟ್ ಮೇಲೆ ತಂದಾಗಲೂ ಆ ಮುಗ್ಧತೆ ಹಾಗೇ ಉಳೀತು. ಬಾಗಿಲಿಗೆ ಬಂದವರನ್ನೆಲ್ಲ ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀರಿ ಅನ್ನೋ ನಮ್ಮ ಅಜ್ಜಿಯನ್ನು ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರನ್ನೇ ಬಿಟ್ಟು ಬಂದ ಹಾಗೆ.

ಮೂರು: 'ಪಿಎಲ್‌ಸಿಯಲ್ಲಿ ಎರಡು ಪೋರ್ಟ್ ಇದೆ, ಕೆಳಗಿನದು ಒಂದಕ್ಕೆ, ಮೇಲಿನದು ಇನ್ನೊಂದಕ್ಕೆ ಹಾಕಿದ್ದೀವಿ, ಬೇರೆ ಬೇರೆ ಆಯ್ತಲ್ಲ?' ಇಲ್ಲೇ ಬುದ್ಧಿವಂತರೂ ಬೀಳೋದು. ಎಷ್ಟೋ ಪಿಎಲ್‌ಸಿಗಳಲ್ಲಿ ಆ ಎರಡು ಪೋರ್ಟು ಒಳಗೆ ಒಂದೇ ಸ್ವಿಚ್ಚಿನ ಎರಡು ಬಾಯಿ. ನೋಡೋಕೆ ಎರಡು ಬಾಗಿಲು, ಒಳಗೆ ಒಂದೇ ಕೋಣೆ. ನಿಜವಾಗಿ ಬೇರೆ ಮಾಡಬೇಕಾದರೆ ಎರಡು ಬೇರೆ ವಿಳಾಸ ಇಟ್ಟುಕೊಳ್ಳಬಲ್ಲ ಪಿಎಲ್‌ಸಿ ಬೇಕು, ಇಲ್ಲವೇ ಪ್ರತ್ಯೇಕ ಕಮ್ಯುನಿಕೇಶನ್ ಕಾರ್ಡ್ ಹಾಕಬೇಕು. ಮ್ಯಾನುಯಲ್ ತೆರೆದು ಆ ಒಂದು ಪುಟ ಓದಿ. ನಾನು ಓದಿರಲಿಲ್ಲ.

ನಾಲ್ಕು: 'ಏನು ಬೇರೆ ಮಾಡಿದರೂ ಬರೋರು ಬಂದೇ ಬರ್ತಾರೆ. 2010ರಲ್ಲಿ ಸ್ಟಕ್ಸ್‌ನೆಟ್ ಬೆಳಕಿಗೆ ಬಂತಲ್ಲ, ಇಂಟರ್ನೆಟ್ಟೇ ಇಲ್ಲದ ಇರಾನಿನ ನತಾಂಜ್ ಸ್ಥಾವರಕ್ಕೇ ನುಗ್ಗಿತ್ತಲ್ಲ?' ಒಪ್ಪಿದೆ. ಕಳ್ಳ ಹೆಂಚು ತೆಗೆದು ಇಳೀತಾನೆ ಅಂತ ಮುಂಬಾಗಿಲು ತೆರೆದು ಮಲಗ್ತೀರಾ? ನಮ್ಮ ದೇಶದ್ದೇ ಉದಾಹರಣೆ ತಗೊಳ್ಳಿ. 2019ರಲ್ಲಿ ಕೂಡಂಕುಳಂ ಅಣುಸ್ಥಾವರದ ವಿಷಯ ಬಂದಾಗ ಮೊದಲು ಅಂಥದ್ದೇನೂ ಆಗಿಲ್ಲ ಅಂದರು. ಮರುದಿನ, ಅಕ್ಟೋಬರ್ 30ರಂದು, ಅಣುವಿದ್ಯುತ್ ನಿಗಮವೇ ಆಡಳಿತದ ಕೆಲಸಕ್ಕೆ ಬಳಸುವ ನೆಟ್‌ವರ್ಕಿನ ಒಂದು ಪಿಸಿಯಲ್ಲಿ ಮಾಲ್‌ವೇರ್ ಸಿಕ್ಕಿದ್ದು ನಿಜ ಅಂತ ಒಪ್ಪಿಕೊಂಡಿತು. ಅದರ ಜೊತೆಗೇ ಹೇಳಿದ ಮಾತು ನೋಡಿ: ಆ ಪಿಸಿ ಒಳಗಿನ ಮುಖ್ಯ ನೆಟ್‌ವರ್ಕಿನಿಂದ ಬೇರೆಯಾಗಿದೆ, ಸ್ಥಾವರದ ವ್ಯವಸ್ಥೆಗೆ ಏನೂ ಆಗಿಲ್ಲ. ಅವತ್ತು ಅವರ ಕೈಯಲ್ಲಿದ್ದ ಒಂದೇ ಸಮಾಧಾನ ಆ 'ಬೇರೆ' ಅನ್ನೋ ಪದ. ನಾವು ಡ್ಯಾಶ್‌ಬೋರ್ಡ್ ಆಸೆಗೆ ಅಳಿಸಿ ಹಾಕುತ್ತಿರೋದು ಅದೇ ಪದವನ್ನು.

ನಮ್ಮ ಊರಿನ ಅಂಚಿಗೆ ಒಂದು ಆನೆ ಕಂದಕ ಇದೆ. ಕೊಡಗಿನವರಿಗೆ ಕಂದಕ ಹೊಸದಲ್ಲ. ಹಿಂದಿನವರು ಯುದ್ಧದ ಕಾಲದಲ್ಲಿ ತೋಡಿದ ಕಡಂಗಗಳು ಇವತ್ತಿಗೂ ತೋಟಗಳ ನಡುವೆ ಹಾವಿನ ಹಾಗೆ ಮಲಗಿವೆ. ಈಗಿನ ಕಂದಕ ಕಾಡಿಗೂ ತೋಟಕ್ಕೂ ನಡುವೆ. ತೋಡಿದ ಮೇಲೆ ಕೆಲವು ವರ್ಷ ಆನೆ ಬರಲಿಲ್ಲ. ಆಮೇಲೆ ಯಾರಿಗೋ ಟ್ರ್ಯಾಕ್ಟರ್ ದಾಟಿಸಬೇಕಿತ್ತು. ಒಂದು ಜಾಗದಲ್ಲಿ ಮಣ್ಣು ತುಂಬಿ ದಾರಿ ಮಾಡಿದರು. ಒಂದೇ ಒಂದು ಕಡೆ, ಎಂಟು ಅಡಿ ಅಗಲ. ಆನೆಗೆ ಅಷ್ಟು ಸಾಕು. ಅದು ಕಂದಕದ ಉದ್ದಕ್ಕೂ ಹುಡುಕಿಕೊಂಡು ಬಂದು, ನಾವು ಮಾಡಿದ ದಾರಿಯಲ್ಲೇ ಗಂಭೀರವಾಗಿ ದಾಟಿ, ಬಾಳೆ ಮುರಿದು ಹೋಯ್ತು. ಊರಿನವರು ಕಂದಕದಿಂದ ಪ್ರಯೋಜನ ಇಲ್ಲ ಅಂತ ಮಾತಾಡಿಕೊಂಡರು. ಕಂದಕ ಸರಿಯಾಗೇ ಇತ್ತು. ಮುಚ್ಚಿದವರು ನಾವೇ.

ನಾನು ಚುಚ್ಚಿದ ಆ ಅಗ್ಗದ ಸ್ವಿಚ್ಚು ಎಂಟು ಅಡಿ ಮಣ್ಣು. ಅದರ ಮೇಲೆ ಮೊದಲು ದಾಟಿದ್ದು ಮಾಲೀಕರ ಡ್ಯಾಶ್‌ಬೋರ್ಡು. ಎರಡನೆಯದು ಪ್ರಿಂಟರು. ಮೂರನೆಯದು ನನ್ನ ಬೆರಳು. ನಾಲ್ಕನೆಯದು ಯಾವುದಾಗ್ತಿತ್ತೋ ನೋಡೋಕೆ ನಾನು ಕಾಯಲಿಲ್ಲ.

ನನಗೆ ಹೆಚ್ಚು ಸಿಟ್ಟು ಬರೋದು ಮಾತ್ರ ತಾಂತ್ರಿಕ ವಿಷಯಕ್ಕಲ್ಲ. ಈ ಜೋಡಣೆಯಲ್ಲಿ ನೋಡುವವನು ಒಬ್ಬ, ನರಳುವವನು ಇನ್ನೊಬ್ಬ. ಗ್ರಾಫ್ ನೋಡೋನು ಇಂದಿರಾನಗರದಲ್ಲಿ, ಗುಂಡಿಗೆ ಕೈ ಹಾಕೋನು ಶೆಡ್ಡಿನಲ್ಲಿ. ನೆಟ್‌ವರ್ಕ್ ಹೇಗಿರಬೇಕು ಅಂತ ತೀರ್ಮಾನ ಆಗೋ ಮೀಟಿಂಗಿನಲ್ಲಿ ಎರಡನೆಯವನು ಇರೋದೇ ಇಲ್ಲ. ನಾನು ಎಷ್ಟು ಮೀಟಿಂಗ್ ಮಾಡಿದೆ ಆ ಕೆಲಸಕ್ಕೆ! ಒಂದರಲ್ಲೂ ಮಾವನನ್ನು ಕರೆಯಲಿಲ್ಲ. ಕರೆದಿದ್ದರೆ ಅವರು ಒಂದೇ ಪ್ರಶ್ನೆ ಕೇಳ್ತಿದ್ದರು: 'ನಾನು ಒಳಗಿರುವಾಗ ಹೊರಗಿಂದ ಯಾರಾದ್ರೂ ಸ್ಟಾರ್ಟ್ ಮಾಡ್ಬಹುದಾ?' ಸೆಕ್ಯುರಿಟಿ ಆಡಿಟ್‌ಗೆ ಲಕ್ಷಗಟ್ಟಲೆ ಕೊಟ್ಟರೂ ಇದಕ್ಕಿಂತ ಒಳ್ಳೇ ಪ್ರಶ್ನೆ ಸಿಗಲ್ಲ.

ಈ ಪ್ರಶ್ನೆ ಕಾಫಿಗೆ ಮಾತ್ರ ಅಲ್ಲ. 2018 ಮತ್ತು 2019ರ ಆಗಸ್ಟ್‌ಗಳಲ್ಲಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. 2018ರಲ್ಲಿ ಗುಡ್ಡ ಜರಿದು ಜೋಡುಪಾಲದ ಕಡೆ ರಸ್ತೆಯೇ ಇಲ್ಲವಾಗಿ, ಕರೆಂಟಿಲ್ಲದೆ, ಫೋನಿಲ್ಲದೆ ಜನ ದಿನಗಟ್ಟಲೆ ಇದ್ದರು. ನಾಳೆ ಅಣೆಕಟ್ಟಿನ ಗೇಟು, ಊರಿನ ನೀರಿನ ಪಂಪು, ಸಬ್‌ಸ್ಟೇಷನ್ನು ಎಲ್ಲವೂ ಮೊಬೈಲಿಗೆ ಬರಬೇಕು ಅಂತ ಟೆಂಡರ್ ಕರೀತಾರೆ, ನಮ್ಮಲ್ಲೇ ಯಾರೋ ಅದಕ್ಕೆ ಕೋಡ್ ಬರೀತೀವಿ. ಆ ಮಳೆಯ ರಾತ್ರಿ ನೆಟ್‌ವರ್ಕ್ ಸತ್ತಾಗ ಗೇಟಿನ ಹತ್ತಿರ ನಿಂತವನ ಕೈಯಲ್ಲಿ ಏನಿರುತ್ತದೆ ಅಂತ ಈಗಲೇ ಕೇಳಬೇಕು. 2015ರ ಡಿಸೆಂಬರಿನಲ್ಲಿ ಉಕ್ರೇನಿನ ವಿದ್ಯುತ್ ಕಂಪನಿಗಳಿಗೆ ನುಗ್ಗಿ ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ತೆಗೆದಾಗ, ವಾಪಸ್ ತಂದದ್ದು ಸಬ್‌ಸ್ಟೇಷನ್‌ಗಳಿಗೆ ಗಾಡಿಯಲ್ಲಿ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದ ನೌಕರರು. ಕೈಯಿಂದ ಹಾಕೋ ವ್ಯವಸ್ಥೆ ಇನ್ನೂ ಉಳಿದಿತ್ತು, ಅದಕ್ಕೆ ಸಾಧ್ಯ ಆಯ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋ ಅಭ್ಯಾಸ ನಮ್ಮದು. ಈ ಸಲವಾದರೂ ಮೊದಲೇ ಹಾಕೋಣ.

ಕಷ್ಟದ ಕೆಲಸ ಏನೂ ಅಲ್ಲ. ಆ ಶೆಡ್ಡಿನಲ್ಲಿ ಆಮೇಲೆ ನಾನು ಮಾಡಿದ್ದು ಇಷ್ಟು. ಡ್ರೈವ್ ಮತ್ತು ಐ/ಓ ಡಬ್ಬಗಳಿಗೆ ಪ್ರತ್ಯೇಕ ಸ್ವಿಚ್ಚು, ಅದರ ಕೇಬಲ್ ಪ್ಯಾನೆಲ್‌ನಿಂದ ಹೊರಗೆ ಬರೋದಿಲ್ಲ. ಪಿಎಲ್‌ಸಿಗೆ ಇನ್ನೊಂದು ಕಾರ್ಡು, ಪ್ಲಾಂಟಿನ ಕಂಪ್ಯೂಟರ್ ಮಾತಾಡೋದು ಅದರ ಜೊತೆ ಮಾತ್ರ. ಡ್ಯಾಶ್‌ಬೋರ್ಡಿಗೆ ಆ ಕಂಪ್ಯೂಟರ್ ತಾನಾಗಿ ಮಾಹಿತಿ ಕಳಿಸುತ್ತದೆ, ಹೊರಗಿಂದ ಯಾರೂ ಒಳಗೆ ಬಂದು ಕೇಳುವಂತಿಲ್ಲ. ದೂರದಿಂದ ಸ್ಟಾರ್ಟ್ ಅನ್ನೋ ಬಟನ್ನೇ ಕಿತ್ತು ಹಾಕಿದೆ. ಯಾವ ಯಾವ ಕೇಬಲ್ ಎಲ್ಲಿಗೆ ಹೋಗುತ್ತೆ ಅಂತ ಒಂದು ಹಾಳೆಯಲ್ಲಿ ಬರೆದು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿದೆ. ಇದಕ್ಕೆ ಆದ ಖರ್ಚು, ಲೈನ್ ನಿಂತ ಒಂದೂವರೆ ದಿನದ ನಷ್ಟದ ಮುಂದೆ ಲೆಕ್ಕಕ್ಕೇ ಇಲ್ಲ.

ಕೊನೆಗೆ ಒಂದು ಬೀಗದ ಕೀ. ಪಿಎಲ್‌ಸಿಯ ಪ್ರೋಗ್ರಾಂ ಬದಲಿಸಬೇಕಾದರೆ ಅದರ ಮೇಲಿನ ಕೀ ತಿರುಗಿಸಬೇಕು. 2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಸ್ಥಾವರದಲ್ಲಿ, ಅಪಾಯ ಬಂದಾಗ ಪ್ಲಾಂಟ್ ನಿಲ್ಲಿಸಬೇಕಾದ ಸುರಕ್ಷತಾ ಕಂಟ್ರೋಲರ್‌ಗೇ ಟ್ರೈಟನ್ ಅನ್ನೋ ಮಾಲ್‌ವೇರ್ ನುಗ್ಗಿತು. ಅಲ್ಲೂ ಇಂಥದ್ದೇ ಕೀ ಇತ್ತು. ಅದನ್ನು 'ಪ್ರೋಗ್ರಾಂ' ಸ್ಥಾನದಲ್ಲೇ ತಿರುಗಿಸಿ ಬಿಟ್ಟಿದ್ದರು. ಅಷ್ಟು ದುಡ್ಡಿನ ಸ್ಥಾವರ, ಕೀ ಮಾತ್ರ ಬಾಗಿಲಲ್ಲೇ.

ನಮ್ಮ ಶೆಡ್ಡಿನ ಕೀ ಈಗ ಮಾವನ ಉಡಿದಾರದಲ್ಲಿ ಇದೆ. ಏನಾದರೂ ಬದಲಿಸಬೇಕಾದರೆ ನಾನು ಫೋನ್ ಮಾಡಿ ಕೇಳಬೇಕು. ಹೋದ ತಿಂಗಳು ಕೇಳಿದೆ. 'ಈಗ ಆಗಲ್ಲ, ಲೋಡ್ ಓಡ್ತಾ ಇದೆ, ಸಾಯಂಕಾಲ ನೋಡುವ' ಅಂದರು. ಮಾಲೀಕರಿಗೆ ಸ್ವಲ್ಪ ಬೇಜಾರಾಯ್ತು. ನನ್ನ ಮ್ಯಾನೇಜರ್ ಆಗಿದ್ದರೆ ಅದನ್ನು 'ಬ್ಲಾಕರ್' ಅಂತ ಬರ್ಕೊಳ್ತಿದ್ದ.

ಬರ್ಕೊಳ್ಳಲಿ. ಸೋಮವಾರ ನೀವು ಆಫೀಸಿಗೆ ಹೋದಾಗ, ನಿಮ್ಮ ಪ್ರಾಜೆಕ್ಟಿನಲ್ಲಿ ಯಾವುದಾದರೂ ಪ್ಲಾಂಟ್ ಇದ್ದರೆ, ಅದರ ನೆಟ್‌ವರ್ಕ್ ಡ್ರಾಯಿಂಗ್ ಕೇಳಿ. ಡ್ರೈವಿನಿಂದ ನಿಮ್ಮ ಲ್ಯಾಪ್‌ಟಾಪ್‌ವರೆಗೆ ಬೆರಳಿಟ್ಟು ಗೆರೆ ಎಳೆಯಿರಿ. ನಡುವೆ ಎಲ್ಲೂ ಬೆರಳು ತಡೆಯದೆ ಹೋದರೆ, ಸಹಿ ಹಾಕಬೇಡಿ. ಮೊದಲು ಆ ಗೆರೆಯ ಇನ್ನೊಂದು ತುದಿಯಲ್ಲಿ ಯಾರು ಕೂತಿದ್ದಾರೆ ಅಂತ ಕೇಳಿ, ಅವರಿಗೆ ಒಂದು ಫೋನ್ ಮಾಡಿ.